ದಂಡೆಯ ಮೇಲೆ ನಿಂತವರು

ಸಿಂದಗಿ
೧೮ ಏಪ್ರಿಲ್ ೨೦೦೪

ಪ್ರೀತಿಯ ಅಬಿದಾ,

ಇಂಡಿಯಲ್ಲಿ ನೀನೂ ಮನೆಯವರೂ ಆರಾಮಾಗಿದ್ದೀರಿ ಎಂದುಕೊಂಡೇ ಬರೆಯುತ್ತಿದ್ದೇನೆ. ಬಕ್ರೀದ್ ಮುಗಿದ ಮೇಲೆ ನೀನು ಬರೆದ ಪತ್ರ ಬಂದು ಬಹಳ ದಿನಗಳಾದವು. ಉತ್ತರಕ್ಕೆ ಕೂತಾಗಲೆಲ್ಲ ‘ನಾವೆಲ್ಲ ಕ್ಷೇಮ’ ಎಂಬಲ್ಲಿಗೆ ಪೆನ್ನು ನಿಂತುಬಿಡುತ್ತಿತ್ತು. ಕ್ಷೇಮವಾಗಿದ್ದೇವೆ, ಸುಳ್ಳೇನಲ್ಲ. ಆದರೆ ಹಾಗೆ ಬರೆಯಲು ನಾಚಿಕೆಯಾಗುತ್ತದೆ. ನೀನು ಸಿಟ್ಟಾಗಿದ್ದರೆ ಬೈದುಬಿಡು. ಬಿ.ಎಡ್. ಹಾಸ್ಟೆಲಿನಲ್ಲಿ ನಾನು ಮಾತು ಬಿಟ್ಟು ಕೂತಾಗ ಚಾದರ ಎಳೆದು ಎಬ್ಬಿಸುತ್ತಿದ್ದೆಯಲ್ಲ, ಹಾಗೆ.

ಶಾಲೆಯ ಪರೀಕ್ಷೆಗಳು ಮುಗಿದವು. ಚುನಾವಣೆಯ ಕೆಲಸಕ್ಕೆ ನನ್ನನ್ನು ಮುದ್ದೇಬಿಹಾಳದ ಕಡೆ ಹಾಕಿದ್ದಾರೆ. ಅತ್ತೆ ರಂಗೂಬಾಯಿಯವರ ಮಂಡಿನೋವು ಹಾಗೇ ಇದೆ. ಇವರಿಗೆ ಬ್ಯಾಂಕಿನಲ್ಲಿ ಕೆಲಸ ಹೆಚ್ಚು. ಮನೆಯಲ್ಲಿದ್ದಾಗಲೂ ಮಾತು ಕಡಿಮೆ.

ನೀನು ಕೇಳಿದ್ದೆ, ನಮ್ಮ ಮಗಳು ಪದ್ಮಜಾ ನೀರಿಗೆ ಬಿದ್ದಿದ್ದು ಖರೆಯೇ ಎಂದು. ಖರೆ. ಸಂಕ್ರಾಂತಿಯ ದಿನ ಇವರ ಗೆಳೆಯ ಸಿದ್ದಲಿಂಗ ಅವರ ಹೊಲಕ್ಕೆ ಊಟಕ್ಕೆ ಹೋಗಿದ್ದೆವು, ಯಂಕಂಚಿಗೆ. ಹೊಲದ ಪಕ್ಕದಲ್ಲೇ ದೊಡ್ಡ ಕೆನಾಲು. ಆಗ ನೀರು ಬಿಟ್ಟಿದ್ದರು, ದಂಡೆ ಮುಟ್ಟಿ ಹರಿಯುತ್ತಿತ್ತು. ಊಟವಾದ ಮೇಲೆ ಕೈತೊಳೆಯಲು ಹೋದ ಹುಡುಗಿ ಪಾಚಿಯ ಮೇಲೆ ಕಾಲಿಟ್ಟು ಜಾರಿದಳು. ನಾನು ಬೇವಿನ ಗಿಡದ ಕೆಳಗೆ ರೊಟ್ಟಿಯ ಬುಟ್ಟಿ ಕಟ್ಟುತ್ತಿದ್ದೆ. ಕೂಗು ಕೇಳಿ ಓಡುವಷ್ಟರಲ್ಲಿ ಪಕ್ಕದ ಹೊಲದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ ಹುಡುಗ ನೀರಿನಲ್ಲಿದ್ದ. ಅವನ ಹೆಸರು ಯೋಹಾನ ಎಂದು ಆಮೇಲೆ ಗೊತ್ತಾಯಿತು. ಇವರು ದಂಡೆಯ ಮೇಲೆ ನಿಂತು ‘ಪದ್ದೀ, ಪದ್ದೀ’ ಎಂದು ಕೂಗುತ್ತಿದ್ದರು. ಸಿದ್ದಲಿಂಗ ತಮ್ಮ ಧೋತರ ಬಿಚ್ಚಿ ಇಳಿಬಿಟ್ಟರು. ಯೋಹಾನ ಮಗುವನ್ನು ಅದರ ತುದಿಗೆ ಮುಟ್ಟಿಸಿ ಕೆಳಗಿನಿಂದ ನೂಕಿದ, ಇವರಿಬ್ಬರೂ ಎಳೆದುಕೊಂಡರು. ಮತ್ತೆ ಧೋತರ ಇಳಿಬಿಡುವಷ್ಟರಲ್ಲಿ ಅವನು ಮುಂದೆ ಹೋಗಿದ್ದ. ಸಿಮೆಂಟಿನ ಇಳಿಜಾರು ಗೋಡೆ, ಕೈಗೆ ಏನೂ ಸಿಗುವುದಿಲ್ಲ. ಹಿಡಿಯುತ್ತಿದ್ದ, ಜಾರುತ್ತಿದ್ದ. ಅವನ ಮುಖ ನಾನು ನೋಡಿದೆ. ಅದರಲ್ಲಿ ತ್ಯಾಗ ಗೀಗ ಏನೂ ಇರಲಿಲ್ಲ ಅಬಿದಾ. ಬದುಕಬೇಕೆಂಬ ಹಟವಿತ್ತು. ಮರುದಿನ ಕೆಳಗಿನ ಗೇಟಿನ ಹತ್ತಿರ ಸಿಕ್ಕ.

ಅಂದಿನಿಂದ ಊರೆಲ್ಲ ಮಾತಾಡುತ್ತಿದೆ, ಒಬ್ಬೊಬ್ಬರು ಒಂದೊಂದು. ಅತ್ತೆ, “ಹಿಂದಿನ ಜನ್ಮದಾಗ ಅಂವ ನಮ್ಮ ಪದ್ದಿ ಋಣ ಇಟಗೊಂಡಿದ್ದ, ತೀರಿಸಿ ಹ್ವಾದ,” ಎನ್ನುತ್ತಾರೆ. ಹಾಗಾದರೆ ನಾವು ಕೊಡಬೇಕಾದದ್ದು ಏನೂ ಇಲ್ಲವೇ? ಎಲ್ಲ ಚುಕ್ತಾ ಆಯಿತೇ? ಪದ್ಮಜಾಳ ಶಾಲೆಯಲ್ಲಿ ಅವಳಿಗೆ ಕಲಿಸುವ ಅಕ್ಕಾರು ಎಲ್ಲರೆದುರು, “ನಿನ್ನ ಸಲುವಾಗಿ ಒಬ್ಬಾಂವ ಸತ್ತಾನ. ಇನ್ನ ಮ್ಯಾಲೆ ನೀ ಭಾಳ ಶ್ಯಾಣ್ಯಾಕಿ ಆಗಬೇಕು,” ಎಂದರಂತೆ. ಆವತ್ತಿನಿಂದ ಹುಡುಗಿ ಹಟ ಮಾಡುವುದಿಲ್ಲ. ಬಡಿಸಿದ್ದನ್ನು ಉಣ್ಣುತ್ತಾಳೆ, ಹಾಗಲಕಾಯಿ ಪಲ್ಯ ಕೂಡ. ಒಂಬತ್ತು ವರ್ಷದ ಹುಡುಗಿ ಹೀಗೆ ಒಳ್ಳೆಯವಳಾಗಿರುವುದನ್ನು ನೋಡಿದರೆ ಭಯವಾಗುತ್ತದೆ.

ಯೋಹಾನನ ತಾಯಿಯ ಹೆಸರು ಲಕ್ಕವ್ವ. ಗಂಡ ಎಂದೋ ತೀರಿಕೊಂಡಿದ್ದಾನೆ, ಇವನೊಬ್ಬನೇ ಮಗ. ಇಲ್ಲಿನ ಹುಡುಗರ ಹಾಸ್ಟೆಲಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾಳೆ. ಅವರ ಅಜ್ಜನ ಕಾಲದಿಂದ ಕ್ರೈಸ್ತರು. ನಾನು ಆಗಾಗ ಹೋಗುತ್ತೇನೆ. ಒಂದು ದಿನ ಕೂಡಿಸಿ ಚಹಾ ಕೊಡುತ್ತಾಳೆ, ಇನ್ನೊಂದು ದಿನ ಬಾಗಿಲಲ್ಲೇ ನಿಂತು, “ಇವತ್ತ ಬ್ಯಾಡ್ರಿ ಅಕ್ಕಾರ, ನಿಮ್ಮನ್ನ ನೋಡಾಕ ಆಗವಲ್ದು,” ಎನ್ನುತ್ತಾಳೆ. ನಾನು ತಿರುಗಿ ಬರುತ್ತೇನೆ. ಅವಳು ಹೇಳುವುದು ಎರಡು ದಿನವೂ ಸರಿಯೇ.

ಎರಡು ವಾರದ ಹಿಂದೆ ಅವಳೇ ಮನೆಗೆ ಬಂದಳು. “ಶುಭ ಶುಕ್ರವಾರ ನಮ್ಮ ಚರ್ಚಿನ ಅಯ್ಯನವರು ನನ್ನ ಮಗನ ಮ್ಯಾಲೆ ಪ್ರಸಂಗ ಮಾಡತಾರಂತ. ಹುಡುಗೀನ ಕರಕೊಂಡ ಬರ್ರಿ. ಅಲ್ಲಿ ನಾ ಒಬ್ಬಾಕಿನ ಕುಂಡ್ರಲಾರೆ,” ಎಂದಳು. ಅತ್ತೆಗೆ ಮನಸ್ಸಿರಲಿಲ್ಲ, ಹೋದರೆ ಹೋಗಿರಿ, ನೀರು ಗೀರು ಮುಟ್ಟಬೇಡಿ ಎಂದರು. ಇವರನ್ನು ಕರೆದೆ. ತಲೆ ಎತ್ತದೆ, “ನೀವು ಹೋಗಿ ಬರ್ರಿ. ನನಗ ಆಗೂದಿಲ್ಲ,” ಎಂದರು.

ಚರ್ಚು ಎಂದರೆ ಒಂದು ಹಂಚಿನ ಕೋಣೆ, ಗೋಡೆಗೆ ಕಟ್ಟಿಗೆಯ ಶಿಲುಬೆ. ಪಾಸ್ಟರ್ ಸಿದ್ದರಾಯ ಎಂದರೆ ದೊಡ್ಡ ಗಂಟಲಿನವರೆಂದುಕೊಂಡಿದ್ದೆ. ಮೆಲ್ಲಗೆ ಮಾತಾಡುವ ಮನುಷ್ಯ. ಮನುಷ್ಯರ ಪಾಪಕ್ಕೆ ದೇವರು ತನ್ನ ಒಬ್ಬನೇ ಮಗನನ್ನು ಬಲಿಯಾಗಿ ಕೊಟ್ಟ, ತಪ್ಪಿಲ್ಲದವನು ತಪ್ಪಿದ್ದವರ ಬದಲು ಸತ್ತ, ನಮ್ಮ ಯೋಹಾನನೂ ಅದೇ ದಾರಿಯಲ್ಲಿ ನಡೆದ ಎಂದು ಹೇಳಿದರು. ಎಲ್ಲರೂ ತಿರುಗಿ ಪದ್ಮಜಾಳನ್ನು ನೋಡಿದರು. ಅವಳು ನನ್ನ ಸೆರಗಿನೊಳಗೆ ಮುಖ ಹುದುಗಿಸಿದಳು. ನನಗೆ ಎದ್ದು ಹೋಗಬೇಕೆನಿಸಿತು. ನನ್ನ ಮಗಳು ಯಾವ ಪಾಪ ಮಾಡಿದ್ದಳು? ಕೈ ತೊಳೆಯಲು ಹೋಗಿದ್ದಳಲ್ಲ?

ಆರಾಧನೆ ಮುಗಿದು ಜನ ಚದುರಿದ ಮೇಲೆ ಕಟ್ಟೆಯ ಮೇಲೆ ಕೂತೆವು. ಲಕ್ಕವ್ವ ಶುರು ಮಾಡಿದಳು.

“ಅಯ್ಯನವರ, ದೇವರು ತನ್ನ ಮಗನ್ನ ಕೊಟ್ಟ ಅಂದ್ರಿ. ಕೊಡಾಕ ಅಂವ ತಯಾರಿದ್ದ. ನನ್ನ ಮಗನ್ನ ಯಾರ ಕೊಟ್ರು? ನಾ ಕೊಟ್ಟಿಲ್ಲ. ನನ್ನ ಯಾರೂ ಕೇಳಿಲ್ಲ.”

“ಯೋಹಾನ ತಾನ ಕೊಟ್ಟಾನ ಲಕ್ಕವ್ವ. ಜೀವಾ ಅವಂದು.”

“ಅವಂದಷ್ಟ ಏನ್ರಿ? ಹೊತ್ತಾಕಿ ನಾನು, ಹಡದಾಕಿ ನಾನು. ಅರ್ಧಾ ನಂದು ಇತ್ತೊ ಇಲ್ಲೊ?” ಅವಳ ದನಿ ಏರಿತು. “ಮತ್ತ ದೇವರ ಮಗಾ ಮೂರನೇ ದಿನಕ್ಕ ಎದ್ದ. ತಿರುಗಿ ಬರ್ತಾನಂತ ಗೊತ್ತಿದ್ದು ಕೊಡೂದು ಬ್ಯಾರೆ ಅಯ್ಯನವರ. ನಂದು ಬ್ಯಾರೆ.”

ಪಾಸ್ಟರರು, “ನಂದ ತಪ್ಪಾತು. ಎರಡೂ ಒಂದಕ್ಕೊಂದು ಹಚ್ಚಿ ಹೇಳಬಾರದಿತ್ತು,” ಎಂದರು.

ನಾನು ಸುಮ್ಮನಿರಬೇಕಿತ್ತು. ಪರಧರ್ಮದ ಮಾತು, ನನಗೇನು ಅಧಿಕಾರ? ಆದರೂ ಬಾಯಿಗೆ ಬಂತು. “ತಂದಿಗೆ ಶಕ್ತಿ ಇತ್ತಲ್ರಿ ಪಾಸ್ಟರ? ಮಗಾ ಒದರಾಕತ್ತಾಗ ಇಳದು ಬಿಡಿಸಬಹುದಿತ್ತಲ್ಲ? ನೋಡಕೋತ ಯಾಕ ನಿಂತ? ಅಂಥಾ ತಂದೀನ ಒಳ್ಳೆಯವಾ ಅಂತ ಹೆಂಗ ಅನಬೇಕು?”

“ನಿಂತು ನೋಡಲಿಲ್ಲ ಅಂತ ನಮ್ಮ ನಂಬಿಕಿ ಅಕ್ಕಾರ. ಮಗನ ಒಳಗ ತಂದೀನೂ ಇದ್ದ. ಬ್ಯಾರೆಯವನ್ನ ಮುಂದ ನೂಕಿ ತಾ ಹಿಂದ ಉಳೀಲಿಲ್ಲ. ತಾನ ಬಂದ.”

“ಹಂಗಿದ್ರ ಮಗಾ, ‘ನನ್ನ ಯಾಕ ಕೈ ಬಿಟ್ಟಿ’ ಅಂತ ಯಾರನ್ನ ಕೇಳಿದ? ಈಗ ನೀವ ಓದಿದ್ರಲ್ಲ?”

“ಆ ಪ್ರಶ್ನಿ ಅಲ್ಲೇ ಐತ್ರಿ,” ಎಂದರು ಅವರು. “ನಾವು ಅದನ್ನ ಅಳಿಸಿಲ್ಲ. ವರ್ಷಾ ವರ್ಷಾ ಓದತೇವಿ. ನನಗೂ ಪೂರಾ ತಿಳದಿಲ್ಲ.”

ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಮಾಧಾನವೂ ಆಗಲಿಲ್ಲ.

ಅಷ್ಟರಲ್ಲಿ ಲಕ್ಕವ್ವ ಪದ್ಮಜಾಳನ್ನು ಹತ್ತಿರ ಕರೆದಳು. ಇಷ್ಟು ದಿನ ಅವಳನ್ನು ಮುಟ್ಟಿಯೂ ಇರಲಿಲ್ಲ. “ನೀರಾಗ ನನ್ನ ಮಗಾ ಏನರೆ ಅಂದನಾ ತಂಗಿ?” ಎಂದು ಕೇಳಿದಳು. ಈ ಪ್ರಶ್ನೆ ನಮಗಾರಿಗೂ ಹೊಳೆದಿರಲಿಲ್ಲ. ಹುಡುಗಿ ಹೆದರುತ್ತಾಳೆಂದು ನಾವು ಆ ಮಾತೇ ಎತ್ತುತ್ತಿರಲಿಲ್ಲ.

ಪದ್ಮಜಾ ನೆಲ ನೋಡುತ್ತ ಹೇಳಿದಳು. “ಕಾಲ ಬಡೀಬ್ಯಾಡ, ನನ್ನ ಕುತಗಿ ಹಿಡಿ ಅಂದ್ರು. ನಾ ಅವರ ಕೂದಲಾ ಹಿಡದೆ. ಅಯ್ಯ, ನೋವ ಆಗತೈತಿ, ಕೂದಲಾ ಬಿಡು ಅಂದ್ರು. ಆಮ್ಯಾಲೆ, ಅಂಜಬ್ಯಾಡ, ಅಲ್ನೋಡು ನಿಮ್ಮಪ್ಪ ನಿಂತಾನ ಅಂದ್ರು.”

ಲಕ್ಕವ್ವ ಒಮ್ಮೆಲೇ ನಕ್ಕಳು. ನಿಜವಾಗಿ ನಕ್ಕಳು ಅಬಿದಾ. “ಕೂದಲಾ ಮುಟ್ಟಿದ್ರ ಆಗತಿರಲಿಲ್ಲ ಅವಗ. ಎಣ್ಣಿ ಹಚ್ಚಾಕ ಹ್ವಾದ್ರ ಜಗಳಾ ತಗೀತಿದ್ದ,” ಎಂದು ನಗುತ್ತ ನಗುತ್ತ ಅಳತೊಡಗಿದಳು. ಪದ್ಮಜಾ ಗಾಬರಿಯಾಗಿ, “ನಾ ಈಗ ಯಾರ ಕೂಡಾನೂ ಜಗಳಾ ಮಾಡೂದಿಲ್ರಿ. ಎಲ್ಲಾ ತಿಂತೇನಿ,” ಎಂದಳು. ಲಕ್ಕವ್ವ ಕಣ್ಣೊರೆಸಿಕೊಂಡು ಅವಳನ್ನೇ ನೋಡಿದಳು. “ಯಾಕಬೇ? ಯಾರ ಹೇಳ್ಯಾರ ಹಂಗ ಮಾಡಂತ?” ಎಂದಳು. ಮನೆಗೆ ಬರುವಾಗ ಹುಡುಗಿ ನನ್ನ ಕೈ ಬಿಟ್ಟು ನಡೆದಳು. ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ.

ಈಸ್ಟರಿಗೆ ಲಕ್ಕವ್ವ ಚರ್ಚಿಗೆ ಹೋಗಲಿಲ್ಲವಂತೆ. ಕರೆಯಲು ಬಂದವರಿಗೆ, “ಅವರ ಮಗಾ ಎದ್ದಾನ, ನೀವ ಹೋಗಿ ನೋಡ್ರಿ,” ಎಂದು ಹಾಸ್ಟೆಲಿಗೆ ಹೋಗಿ ರೊಟ್ಟಿ ಬಡಿದಳಂತೆ. ಪಾಸ್ಟರರು ಆರಾಧನೆ ಮುಗಿಸಿ ಅಲ್ಲಿಗೇ ಹೋಗಿ, ಹುಡುಗರ ಪಂಕ್ತಿಯಲ್ಲಿ ಕೂತು, ಧರ್ಮದ ಮಾತೊಂದನ್ನೂ ಎತ್ತದೆ ಅವಳ ಕೈಯ ರೊಟ್ಟಿ ಉಂಡು ಬಂದರಂತೆ.

ನೀನು ಬಕ್ರೀದಿನ ಪತ್ರದಲ್ಲಿ ಬರೆದಿದ್ದೆ, ನಿಮ್ಮಲ್ಲಿ ಇಬ್ರಾಹಿಮರು ಮಗನಿಗೆ, ಅವನನ್ನೇ ಬಲಿ ಕೊಡುವ ಕನಸನ್ನು ಹೇಳಿ ‘ನೀನೇನಂತಿ’ ಎಂದು ಕೇಳಿದರು, ಮಗ ಒಪ್ಪಿದ, ಕೇಳದೆ ತೆಗೆದುಕೊಂಡ ಬಲಿ ಬಲಿಯಲ್ಲ ಎಂದು. ಆ ಮಾತನ್ನು ಇಷ್ಟು ದಿನ ಹಿಡಿದುಕೊಂಡಿದ್ದೆ. ಈಗ ಅದೂ ಕೈ ಜಾರುತ್ತಿದೆ. ತಂದೆ ಎದುರು ನಿಂತು ಕೇಳಿದರೆ ಯಾವ ಮಗ ಒಲ್ಲೆ ಎಂದಾನು? ಮಗನನ್ನು ಕೇಳಿದರು, ತಾಯಿಯನ್ನು ಯಾರು ಕೇಳಿದರು? ಇನ್ನು ಯೋಹಾನನನ್ನು ಯಾರೂ ಏನೂ ಕೇಳಲಿಲ್ಲ. ಅವನು ಪ್ರಾಣ ಕೊಡಲು ಹಾರಲಿಲ್ಲ, ಮಗುವನ್ನು ತರಲು ಹಾರಿದ. ಸಂಜೆ ಮನೆಗೆ ಹೋಗಿ ಉಣ್ಣುವವನಿದ್ದ. ಅದನ್ನು ಬಲಿ ಎಂದರೆ ಅವನಿಗೆ ದೊಡ್ಡ ಹೆಸರು ಕೊಟ್ಟಂತೆಯೋ, ಅವನ ಸಂಜೆಯ ಊಟವನ್ನು ಕಸಿದುಕೊಂಡಂತೆಯೋ? ಬರೀ ಅಪಘಾತ ಎಂದರೆ ನನ್ನ ನಾಲಿಗೆ ಏಳುವುದಿಲ್ಲ. ಪ್ರತಿದಿನ ಬೆಳಿಗ್ಗೆ ಮಗಳ ಜಡೆ ಹೆಣೆಯುವಾಗ ಸಂತೋಷವಾಗುತ್ತದೆ. ಆ ಸಂತೋಷ ಯಾರ ಮನೆಯಿಂದ ಬಂದದ್ದೆಂದು ಅದೇ ಗಳಿಗೆಯಲ್ಲಿ ನೆನಪಾಗುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ಎಷ್ಟು ಸುಲಭವಾಗಿ ತ್ಯಾಗದ ಮೇಲೆ ಪ್ರಬಂಧ ಬರೆಸುತ್ತಿದ್ದೆ!

ಬಹಳ ಬರೆದೆ. ನಿನ್ನ ಅತ್ತೆಯವರಿಗೆ ನನ್ನ ಸಲಾಮು ತಿಳಿಸು. ಮಕ್ಕಳು ಆಯುಷ್ಯವಂತರಾಗಲಿ, ಜಗಳವಾಡುತ್ತ, ಹಟ ಮಾಡುತ್ತ, ನಿನ್ನ ತಲೆ ತಿನ್ನುತ್ತ ಬೆಳೆಯಲಿ. ನಿನ್ನ ಐದು ಹೊತ್ತಿನ ನಮಾಜಿನಲ್ಲಿ ಲಕ್ಕವ್ವನ ಹೆಸರೂ ಒಮ್ಮೆ ಬರಲಿ.

ನಿನ್ನ
ಮುಕ್ತಾ

ತಾ. ಕ.: ಸಹಿ ಮಾಡಿದ ಮೇಲೂ ಲಕೋಟೆ ಅಂಟಿಸಲಾಗಲಿಲ್ಲ. ತಂದೆ ನೋಡುತ್ತ ನಿಂತದ್ದರ ಬಗ್ಗೆ ಪಾಸ್ಟರರನ್ನು ಹಾಗೆ ಯಾಕೆ ಕೇಳಿದೆ ಎಂದು ನಿನಗಾದರೂ ಹೇಳಬೇಕು. ಇವರಿಗೆ ಈಜು ಬರುತ್ತದೆ ಅಬಿದಾ. ಮುದ್ದೇಬಿಹಾಳದ ಕಡೆ ಹೊಳೆಯ ದಂಡೆಯ ಊರಲ್ಲಿ ಬೆಳೆದವರು. ತುಂಬಿದ ಕೃಷ್ಣೆಯನ್ನು ಈಸಿ ದಾಟುತ್ತಿದ್ದರೆಂದು ಅತ್ತೆಯೇ ಹಿಂದೆ ಹೆಮ್ಮೆಯಿಂದ ಹೇಳುತ್ತಿದ್ದರು. ಈಗ ಯಾರಾದರೂ ‘ಪಾಪ, ಈಸು ಬರದಾಂವ ಏನ ಮಾಡ್ಯಾನು’ ಎಂದರೆ ಅತ್ತೆ ಸುಮ್ಮನಿರುತ್ತಾರೆ, ನಾನೂ ಸುಮ್ಮನಿರುತ್ತೇನೆ. ಹೋದ ಭಾನುವಾರ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಇವರಾಗಿಯೇ ಬಂದು ನಿಂತರು. “ನಾ ಅಂಗಿ ಗುಂಡಿ ಬಿಚ್ಚಾಕತ್ತಿದ್ದೆ ಮುಕ್ತಾ. ಗುಂಡಿ ಬಿಚ್ಚೂದು ಬೇಕಾಗಿರಲಿಲ್ಲ. ಅಷ್ಟರಾಗ ಅಂವ ಹಾರಿದ. ಖರೇ ಹೇಳತೇನಿ, ಅಂವ ಹಾರಿದ ಕೂಡ್ಲೆ ನನಗ ಜೀವಾ ಹಗರಾತು,” ಎಂದರು. ಅವರ ಮುಖ ನೋಡಲು ನನಗೆ ಆಗುತ್ತಿಲ್ಲ. ಆದರೆ ಇವರು ಹಾರಿದ್ದರೆ ಲಕ್ಕವ್ವನ ಜಾಗದಲ್ಲಿ ಇವತ್ತು ನಾನಿರುತ್ತಿದ್ದೆ. ಕುಂಕುಮ ಇಟ್ಟುಕೊಳ್ಳುವಾಗ, ಹಾರಲಿಲ್ಲವಲ್ಲ, ಒಳ್ಳೆಯದೇ ಆಯಿತು ಎಂದುಕೊಳ್ಳುವವಳೂ ನಾನೇ. ಲಕ್ಕವ್ವನಿಗೆ ಇದನ್ನು ಹೇಳಬೇಕೇ? ಈ ಪತ್ರಕ್ಕೆ ಉತ್ತರ ಬರೆಯಬೇಡ, ಟಪಾಲು ಮೊದಲು ಇವರ ಕೈಗೆ ಬರುತ್ತದೆ. ರಜೆ ಬಿದ್ದ ಕೂಡಲೇ ನೀನೇ ಬಾ.