ಹಸೀನಾಬಿ ಹೇಳಿದ ಲೈಟ್ ಟ್ರೀಟ್‌ಮೆಂಟ್

ಏಪ್ರಿಲ್ 7, ಸೋಮವಾರ. ಲಕ್ಷ್ಮೇಶ್ವರ.

ಗಂಜಿ ಕುಡಿದೆ. ಕಣ್ಣಿನ ಹಳದಿ ಇಳಿದಿದೆಯಂತೆ — ಹೆಂಡತಿ ಹಸೀನಾ ಹೇಳಿದ್ದು. ನಾನೇ ನೋಡೋಣವೆಂದರೆ ಗೋಡೆಯಲ್ಲಿದ್ದ ಕನ್ನಡಿ ಇಲ್ಲ. ಕೇಳಿದರೆ, "ಈಗ ಕನ್ನಡಿ ಯಾಕರಿ ನಿಮಗ?"

ಮೊನ್ನೆ ಹುಬ್ಬಳ್ಳಿ ದವಾಖಾನೆಯಲ್ಲಿ ಮೊದಲು ನರಕ್ಕೆ ಒಂದು ಔಷಧ ಕೊಟ್ಟರು. ಆಮೇಲೆ ಬಾಯಿಯಿಂದ ಕೊಳವೆ ಇಳಿಸಿದರು. ಹೊಟ್ಟೆಯಲ್ಲಿ ಗಂಟಿದೆ ಎಂದರು; ಆ ಗಂಟನ್ನು ಯಾರೂ ಬಿಚ್ಚಿ ಹೇಳಲಿಲ್ಲ. ಹೊಸ ಪ್ರಯೋಗ, ಸಹಿ ಹಾಕಿ ಎಂದಳು ಮಗಳು ಫಿಜಾ. ಹಾಕಿದೆ. ಕಾಮಾಲೆಯಲ್ಲಿ ಏನು ಓದಲಿ?

ಬಂದವರಿಗೆಲ್ಲ ಹಸೀನಾಳದು ಒಂದೇ ಮಾತು: "ಲೈಟ್ ಟ್ರೀಟ್‌ಮೆಂಟ್ ಅಷ್ಟರಿ. ಹೆದರೂವಂಥಾದ್ದೇನಿಲ್ಲ."

ಹಾಗಾದರೆ ಕಿಟಕಿಗೆ ಎರಡೆರಡು ಕೌದಿ ಯಾಕೆ? ಮೈಗೆ ಬಿಸಿಲು ತಾಗಬಾರದಂತೆ. ಹಗಲೇ ಕತ್ತಲೆ. ಬಾಗಿಲ ಸಂದಿಯ ಬೆಳಕಿನಲ್ಲಿ ಬರೆಯುತ್ತಿದ್ದೇನೆ. ಲೈಟ್ ಅಂದಮೇಲೆ ಇಷ್ಟು ಬಂದೋಬಸ್ತೇ?

ಏಪ್ರಿಲ್ 8. ಮಧ್ಯಾಹ್ನ.

ಪುಂಡಲೀಕಪ್ಪ ಬಂದಿದ್ದ. ಎಪಿಎಂಸಿಯಲ್ಲಿ ಇಬ್ಬರೂ ದಲಾಲರು, ಪಕ್ಕಪಕ್ಕದ ಅಂಗಡಿ. ಹೆಸರುಕಾಳಿನ ದರ ಏರುತ್ತದೆ ಎಂದೆ. ಹೂಂ ಎಂದ. ಇಲ್ಲ, ಇಳಿಯುತ್ತದೆ ಎಂದೆ. ಅದಕ್ಕೂ ಹೂಂ. ಜನ್ಮದಲ್ಲಿ ನನ್ನ ಮಾತಿಗೆ ಹೂಂ ಎಂದವನಲ್ಲ… ಏನೋ ಇದೆ.

ಚೀಲದ ಮೇಲಿನ ಕಾಳು ನಂಬಿ ದರ ಹೇಳಿದವನಲ್ಲ ನಾನು. ಬುಡಕ್ಕೆ ಚುಚ್ಚಿ ತೆಗೆದು ನೋಡುವವನು.

"ಗಂಡ ಸತ್ತ ಮ್ಯಾಲ ಹೆಂಗಸ್ರು ಇದ್ದತ್ ಅಂತ ತಿಂಗಳಗಟ್ಲೆ ಮನಿಯೊಳಗ ಕುಂಡ್ರತಾರ. ನೀ ನನ್ನ ಸಾಯೂ ಮೊದಲ ಕುಂಡ್ರಸೀದಿ" ಎಂದೆ ಹಸೀನಾಗೆ. ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು.

ಏಪ್ರಿಲ್ 10.

ಅಡಿಗೆಮನೆಯಲ್ಲಿ ಫಿಜಾ ಫೋನಿನಲ್ಲಿದ್ದಳು. "ಅಬ್ಬಾಗ ಹೇಳಬ್ಯಾಡ್ರಿ." ನಾನು ಒಳಗೆ ಹೋದೆ, ಫೋನ್ ಕಟ್. ಯಾರು? "ಗೆಳತಿ." ಗೆಳತಿಗೆ ನನ್ನದೇನು? ಹಸೀನಾ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತಲಿಲ್ಲ.

ತಾಯಿ ಮಗಳು ಕೂಡಿಯೇ ಮಾಡುತ್ತಿದ್ದಾರೆ. ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ನೋವು. ಊರೇ ಸುಳ್ಳು ಹೇಳಲಿ, ಇವಳು ಹೇಳಬಾರದು.

ಏಪ್ರಿಲ್ 11, ಶುಕ್ರವಾರ.

ಹಸೀನಾ ನಮಾಜಿಗೆ ನಿಂತಾಗ ಕೌದಿಯ ಮೂಲೆ ಸರಿಸಿ ಕೈ ಹೊರಗೆ ಚಾಚಿದೆ. ಬಿಸಿಲಿನ ಮಾತು ಖರೆಯೋ, ಜನರ ಕಣ್ಣಿಗೆ ನಾನು ಬೀಳಬಾರದೆಂದು ಹೂಡಿದ ಆಟವೋ ನೋಡಬೇಕಿತ್ತು.

ಖರೆ. ಕೈ ಧಗಧಗ ಉರಿಯಿತು. ಸಂಜೆಗೆ ಗುಳ್ಳೆ.

ಬೈಯಲಿಲ್ಲ ಅವಳು. ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು. "ನನ್ನ ಮ್ಯಾಲ ಇಷ್ಟೂ ನಂಬಿಕಿ ಇಲ್ಲೇನ್ರಿ?"



ಏಪ್ರಿಲ್ 21, ಸೋಮವಾರ. ಸಂಜೆ.

ಹುಬ್ಬಳ್ಳಿಗೆ ಹೋಗಿ ಬಂದೆ. ತಲೆಯಿಂದ ಕಾಲಿನವರೆಗೆ ಶಾಲು. ಡಾಕ್ಟರ ಕೋಣೆಗೆ ನಾನೊಬ್ಬನೇ ಹೋಗುತ್ತೇನೆಂದು ಹಟ ಹಿಡಿದೆ.

ಪರದೆಯ ಮೇಲೆ ಚಿತ್ರ ತೋರಿಸಿದರು. ಔಷಧ ಗಂಟಿನಲ್ಲಿ ಸೇರಿಕೊಳ್ಳುತ್ತದೆ, ಬೆಳಕು ಬಿಟ್ಟರೆ ಕೆಂಪಗೆ ಹೊಳೆಯುತ್ತದೆ. ಆ ಹೊಳಪು ನೋಡಿಕೊಂಡು ಕೂದಲಿನಂಥ ತಂತಿಯಿಂದ ಲೇಸರ್ ಬೆಳಕು ಹಾಯಿಸಿ ಅದನ್ನು ಸಾಯಿಸುವುದು. ಬೆಳಕಿನ ಚಿಕಿತ್ಸೆ.

"ಗಂಟಿನ ಹೆಸರ ಹೇಳ್ರಿ" ಎಂದೆ.

"ಮೇದೋಜೀರಕದ ಕ್ಯಾನ್ಸರ್. ಮಗಳಿಗೆ ಎಲ್ಲಾ ಹೇಳೇವಿ. ಮನೆಯವ್ರು ನಿಮಗ ಹೇಳ್ಯಾರ ಅನ್ಕೊಂಡಿದ್ವಿ."

ಬೆಳಕು ಮುಟ್ಟಿದಷ್ಟು ಸತ್ತಿದೆ. ಮುಟ್ಟದ ಕಡೆ ಉಳಿದಿದೆ. ಗುಣವಾಗುತ್ತದೆಯೇ? "ನಾವೂ ಇನ್ನೂ ಕಲಿಯಾಕತ್ತೇವಿ. ಮಾತು ಕೊಡಾಕ ಆಗೂದಿಲ್ಲ." ಅಷ್ಟು ಕತ್ತಲೆ ಬೇಕಿಲ್ಲವಂತೆ, ನೇರ ಬಿಸಿಲು ತಪ್ಪಿಸಿದರೆ ಸಾಕು, ಮನೆಯೊಳಗಿನ ಬೆಳಕು ಇರಬೇಕಂತೆ.

ಕಾರಿನಲ್ಲಿ ಹಸೀನಾಳನ್ನು ಕೇಳಿದೆ, "ಲೈಟ್ ಟ್ರೀಟ್‌ಮೆಂಟ್ ಅಂದ್ರ ಏನಂತ ತಿಳಿದಿ?"

"ಹಗೂರದ್ದು. ಲೈಟ್ ಚಹಾ ಅಂತಾರಲ್ಲ, ಹಂಗ. ದೊಡ್ಡ ರೋಗ ಆಗಿದ್ರ ಸ್ಟ್ರಾಂಗ್ ಕೊಡತಿದ್ರು. ಫಿಜಾ ಲೈಟ್ ಅಂದ ದಿನಾನ ನನ್ನ ಎದಿ ಹಗೂರ ಆತು."

ಮುಂದಿನ ಸೀಟಿನಲ್ಲಿ ಫಿಜಾ. ತಿರುಗಲಿಲ್ಲ. ದುಪಟ್ಟಾದಿಂದ ಕಣ್ಣು ಒರೆಸಿಕೊಂಡಳು.

ಇವಳಿಗೆ ಏನೂ ಗೊತ್ತಿಲ್ಲ. ಒಂದು ಸುಳ್ಳೂ ಹೇಳಿಲ್ಲ. ಇಷ್ಟು ದಿನ ಕಳ್ಳಿಯಂತೆ ಕಂಡೆನಲ್ಲ ಇವಳನ್ನು…

"ಹೌದು, ಲೈಟ್" ಎಂದೆ.

ಏಪ್ರಿಲ್ 22. ಬೆಳಗ್ಗೆ.

ಕೌದಿ ತೆಗೆದು ತೆಳು ಪರದೆ ಕಟ್ಟಿದ್ದಾಳೆ. ಕೋಣೆಯಲ್ಲಿ ಬೆಳಕಿದೆ. ಮುಖ ಮರೆಸಲು ಆಗುತ್ತಿಲ್ಲ.

ನಿನ್ನೆಯಿಂದ ಬಿಟ್ಟ ಕಣ್ಣು ಬಿಟ್ಟಂತೆ ನನ್ನನ್ನೇ ನೋಡುತ್ತಿದ್ದಾಳೆ. "ನೀವೊಬ್ರ ಒಳಗ ಯಾಕ ಹೋದ್ರಿ? ಹೊರಗ ಬಂದಾಗಿಂದ ನನಗ ಒಮ್ಮೀನೂ ಬೈದಿಲ್ಲ."

ಚಹಾ ತಂದಳು. ಹೊಗಳಿದೆ. ಹೊಗಳಬಾರದಿತ್ತು — ಲೋಟ ಕೆಳಗಿಟ್ಟು ಎದುರಿಗೇ ಕೂತುಬಿಟ್ಟಳು. ಬರೆಯುವ ನೆಪದಲ್ಲಿ ತಲೆ ತಗ್ಗಿಸಿದ್ದೇನೆ. ಅವಳು ಏಳುತ್ತಿಲ್ಲ.

"ಬರಿಯೂದು ಬಿಡ್ರಿ. ಅದಕ್ಕ ಹೇಳೂದನ್ನ ನನಗ ಹೇಳ್ರಿ."

ಅವಳೇ ಪೆನ್ನಿಗೆ ಕೈ ಹಾಕಿ—