ಫಿಲ್ಟರ್ ಎಲ್ಲಿಟ್ಟಿದ್ದೀರಿ, ಮಾವ?

ಮಾವನವರಿಗೆ ನಮಸ್ಕಾರ,

ಹಿತ್ತಲ ಕೊಳದ ಚುಕ್ಕೆ ಮೀನು ಇವತ್ತು ಬೆಳಿಗ್ಗೆ ಸತ್ತುಹೋಯಿತು. ಮೊದಲು ನೋಡಿದ್ದು ಅತ್ತೆ. ಹಲ್ಲುಜ್ಜುತ್ತಾ ಹಿತ್ತಲಿಗೆ ಹೋದವರು ಬ್ರಷ್ ಹಿಡಿದುಕೊಂಡೇ ಒಳಗೆ ಬಂದು ಹೇಳಿದರು. ಉಳಿದ ಬಣ್ಣಬಣ್ಣದ ಕೋಯಿ ಮೀನುಗಳು ನೀರಿನ ಮೇಲ್ಗಡೆ ಬಂದು ಬಾಯಿ ಬಿಡುತ್ತಿವೆ. ಕೊಳ ಹಸಿರಾಗಿದೆ, ಅಂಚಿನಲ್ಲಿ ನೊರೆ ಕಟ್ಟಿದೆ.

ಸಾಕುಮೀನಿನ ಅಂಗಡಿಯವರನ್ನು ಕರೆಸಿದೆವು. ಪಂಪು ಓಡುತ್ತಿದೆ, ಆದರೆ ಕೊಳಕ್ಕೆ ಮರಳಿ ಬೀಳುವ ನೀರು ದಾರದಷ್ಟು ಸಣ್ಣಗಾಗಿದೆ. ಫಿಲ್ಟರಿನೊಳಗೆ ಕೊಳೆ ಕಟ್ಟಿಕೊಂಡಿದೆ ಎಂದರು. "ತೆಗೆದು ತೊಳೆದ್ರೆ ಸರಿಹೋಗುತ್ತೆ. ಎಲ್ಲಿದೆ, ತೋರ್ಸಿ." ನಮ್ಮ ಹಿತ್ತಲಲ್ಲೇ ಇದೆ, ಆದರೆ ಎಲ್ಲಿ ಅಂತ ಗೊತ್ತಿಲ್ಲ ಎಂದು ಹೇಳುವಾಗ ನಾನು ಮುಖ ಎಲ್ಲಿಟ್ಟುಕೊಳ್ಳಬೇಕಿತ್ತು? ಅವರು ನಗು ತಡೆದುಕೊಂಡು, "ಮನೆಯವರಿಗೇ ಗೊತ್ತಿಲ್ವಾ" ಅಂದರು.

ನಿಮ್ಮ ಸಿಟ್ಟಿಗೆ ಕಾರಣವಿದೆ, ಒಪ್ಪುತ್ತೇನೆ. ಹಳೆಯ ಡ್ರಮ್ಮು, ವಾಷಿಂಗ್ ಮೆಷಿನ್ನಿನ ಪೈಪು, ಪಾತ್ರೆ ತಿಕ್ಕುವ ನಾರು ಸೇರಿಸಿ ನೀವು ಮಾಡಿದ ಮೊದಲ ಫಿಲ್ಟರನ್ನು ನೋಡಿ ಅತ್ತೆ "ಇದು ಹಿತ್ತಲೋ ಗ್ಯಾರೇಜೋ" ಎನ್ನುತ್ತಿದ್ದರು. ಕೊನೆಗೆ ನೀವಿಲ್ಲದ ದಿನ ಗುಜರಿಯವನಿಗೆ ಕೊಟ್ಟೇಬಿಟ್ಟರು. ನೀವು ಇನ್ನೊಂದು ಫಿಲ್ಟರ್ ಮಾಡಿದಿರಿ. ನಾವೆಲ್ಲ ಒಂದು ಮದುವೆಗೆ ಹೋಗಿ ಬರುವಷ್ಟರಲ್ಲಿ ಹಿತ್ತಲಲ್ಲಿ ಕಲ್ಲಿನ ಕಟ್ಟೆ, ಹೊಸ ಹೂವಿನ ಪಾತಿ, ಸಿಮೆಂಟಿನ ಕಾಲುದಾರಿ ಎಲ್ಲ ಎದ್ದಿದ್ದವು. ಕೊಳ ತಿಳಿಯಾಗಿತ್ತು, ಫಿಲ್ಟರ್ ಮಾತ್ರ ಕಾಣಲಿಲ್ಲ. "ಈಗ ಹುಡುಕಿ ಮಾರ್ಲಿ ನೋಡೋಣ" ಎಂದು ನನ್ನ ಹತ್ತಿರ ಹೇಳಿ ನಕ್ಕಿರಿ. ನಾನೂ ನಕ್ಕೆ.

ಈಗ ನಗು ಬರುತ್ತಿಲ್ಲ. ಕಟ್ಟೆ ತಟ್ಟಿ ನೋಡಿದರೆ ಎಲ್ಲ ಕಡೆ ಒಂದೇ ಸದ್ದು. ಪೈಪಿನ ಜಾಡು ಹಿಡಿದು ಅಗೆದರೆ ಅದು ಕಾಲುದಾರಿಯ ಅಡಿಗೆ ನುಗ್ಗಿದೆ. ಅತ್ತೆ ಮಂಡಿನೋವು ಲೆಕ್ಕಿಸದೆ ನೀರಿನ ಸದ್ದು ಕೇಳೀತೇ ಎಂದು ಪಾತಿಯ ಮಣ್ಣಿಗೆ ಕಿವಿಯಿಟ್ಟು ಮಲಗಿದ್ದರು. ನೀವೀಗ ಹೋಗಿರುವ ಮೈದುನನ ಮನೆಗೆ ಫೋನ್ ಮಾಡಿದರೆ, "ಕೇಳು ಅಂತ ನಿಮ್ಮತ್ತೆ ಹೇಳಿಕೊಟ್ಟಳಾ? ಅದು ತಾನಾಗೇ ನಡೆಯುತ್ತೆ, ಮುಟ್ಬೇಡಿ" ಎಂದು ಇಟ್ಟುಬಿಡುತ್ತೀರಿ. ಮೀನು ಸತ್ತಿತು ಎಂದರೆ ಅದೂ ನಾಟಕ ಅನ್ನುತ್ತೀರಿ.

ಅತ್ತೆಯ ಮೇಲಿನ ಹಟಕ್ಕೆ ಮೀನು ಯಾಕೆ ಸಾಯಬೇಕು, ಮಾವ? ಗಾಳಿ ಸೇರಲಿ ಅಂತ ಅತ್ತೆ ಕೊಳದ ಪಕ್ಕ ಕೂತು ಚೊಂಬಿನಲ್ಲಿ ನೀರು ಎತ್ತೆತ್ತಿ ಸುರಿಯುತ್ತಿದ್ದಾರೆ. "ನಿಮ್ಮ ಮಾವಂಗೆ ಹೇಳ್ಬೇಡ, ಬೀಗ್ತಾರೆ" ಅಂದಿದ್ದಾರೆ. ಹೇಳುತ್ತಿದ್ದೇನೆ, ಬೀಗಿಕೊಳ್ಳಿ. ನನ್ನ ಸಂಕಟ ಬೇರೆಯದು. ಡ್ರಮ್ಮು ಗುಜರಿಗೆ ಹೋದ ದಿನ ಈ ಮನೆಯಲ್ಲಿ ನಿಮ್ಮ ಪರವಾಗಿ ಜಗಳವಾಡಿದವಳು ನಾನೊಬ್ಬಳೇ. ನನಗಾದರೂ ಹೇಳಬಹುದಿತ್ತು. ನಾನೂ ನಿಮ್ಮ ಲೆಕ್ಕದಲ್ಲಿ ಅವರ ಕಡೆಯವಳೇ ಆದೆನೇ?

ನಿಮ್ಮ ದೊಡ್ಡ ಮಗ ಅಲ್ಲಿಗೆ ಹೊರಟಿದ್ದಾರೆ. ಅವರು ಬಾಯಲ್ಲಿ ಹೇಳಿದರೆ ಅಮ್ಮನ ಮಗ ಅನ್ನುತ್ತೀರಿ, ಅದಕ್ಕೇ ಬರೆದು ಕೊಟ್ಟಿದ್ದೇನೆ. ಓದಿದ ಕೂಡಲೇ ಫೋನ್ ಮಾಡಿ, ಫಿಲ್ಟರಿನ ಮುಚ್ಚಳ ಎಲ್ಲಿದೆ ಎಂದಷ್ಟೇ ಹೇಳಿ. ಅತ್ತೆಗೆ ತೋರಿಸದೆ ತೊಳೆಯುತ್ತೇನೆ.

ನಿಮ್ಮ ಆರೋಗ್ಯ ಚೆನ್ನಾಗಿರಲಿ, ಮೈದುನನ ಹೊಸ ಮನೆಯಲ್ಲಿ ಎಲ್ಲರಿಗೂ ಒಳ್ಳೆಯದಾಗಲಿ. ಮೇಸ್ತ್ರಿ ನಾಳೆ ಬೆಳಿಗ್ಗೆ ಎಂಟಕ್ಕೆ ಬರುತ್ತಾರೆ. ಮೊದಲು ಕಟ್ಟೆ ಒಡೆಯುತ್ತಾರೆ, ಅಲ್ಲಿಲ್ಲದಿದ್ದರೆ ಕಾಲುದಾರಿ.

ಇಂತಿ,
ಇನ್ನೂ ನಿಮ್ಮ ಕಡೆಯೇ ಇರುವ ಸೊಸೆ