ಹಿಡಿದರೆ ಕೈಗೇ ಬರುವ ರೇಲಿಂಗ್ ಕುರಿತು

ನಮ್ಮ ವಾರ್ಡ್ ಕಚೇರಿಯ ಮುಖ್ಯಾಧಿಕಾರಿಗಳೇ,

ಹೋದ ಸೋಮವಾರ ನಿಮ್ಮ ಕಚೇರಿಯ ಹೊರಮೆಟ್ಟಿಲು ಹತ್ತುವಾಗ ಅಲ್ಲಿನ ಸ್ಟೀಲ್ ರೇಲಿಂಗ್ ಬುಡಸಮೇತ ನನ್ನ ಕೈಗೆ ಬಂತು. ಸರ್ಕಾರದ ಆಸ್ತಿ ಕಿತ್ತುಕೊಂಡು ಹೋಗುವ ಉದ್ದೇಶ ನನಗಿರಲಿಲ್ಲ. ಒಂಬತ್ತು ಮೆಟ್ಟಿಲು ಹತ್ತಿ, ಮನೆಯ ಖಾತೆಗೆ ನಿಮ್ಮೆದುರು ಒಂದು ಸಹಿ ಹಾಕಬೇಕಿತ್ತು, ಅಷ್ಟೇ. ಹಿಂದೆ ಬರುತ್ತಿದ್ದ ಮಗ ರುದ್ರೇಶ್ ಹಿಡಿಯದಿದ್ದರೆ ಈ ಪತ್ರವನ್ನು ಅವನೇ ಬರೆಯಬೇಕಾಗುತ್ತಿತ್ತು.

ನಿಮ್ಮ ಗುಮಾಸ್ತರು ಓಡಿ ಬಂದರು. "ಅಯ್ಯೋ ಅಮ್ಮಾರೆ, ಅದನ್ನ ಹಿಡ್ಕಂಡ್ರಾ?"

"ಮತ್ತೆ ಯಾಕಪ್ಪಾ ಹಾಕ್ಸಿದೀರಿ?"

"ಆಯುಧಪೂಜೆಯಿಂದ ಗಟ್ಟಿಯಾಗೇ ಇತ್ತಮ್ಮ. ಮೊನ್ನೆ ಬಾಳೆಕಂದು ಬಿಚ್ಚಿದ್ದೇ ತಪ್ಪಾಯ್ತು."

ಮಾನ್ಯರೇ, ಎಲ್ಲರ ಮನೆಯಲ್ಲೂ ಹಬ್ಬಕ್ಕೆ ಕಂಬದ ಆಸರೆಯಲ್ಲಿ ಬಾಳೆ ನಿಲ್ಲುತ್ತದೆ. ನಿಮ್ಮಲ್ಲಿ ಬಾಳೆಯ ಆಸರೆಯಲ್ಲಿ ಕಂಬ ನಿಂತಿತ್ತು. ಬಾಳೆ ಒಣಗಿತು, ಆಡಳಿತ ಅಲುಗಾಡಿತು. ಮರುದಿನ ಬಂದು ನೋಡಿದರೆ ದುರಸ್ತಿ ಮುಗಿದಿದೆ: ರೇಲಿಂಗನ್ನು ಎತ್ತಿ ನಿಲ್ಲಿಸಿ, ಎರಡು ಹೊಸ ಬಾಳೆಕಂದು ಬಿಗಿದಿದ್ದಾರೆ! ಯಾವ ಹಬ್ಬದ ಲೆಕ್ಕದಲ್ಲಿ ಎಂದು ಕೇಳಬಹುದೇ? ಮುಂದಿನ ದಸರೆಯವರೆಗೆ ವಾರ್ಡಿನ ಮುದುಕರೆಲ್ಲ ಯಾವ ಧೈರ್ಯದ ಮೇಲೆ ಹತ್ತಿಳಿಯಬೇಕು?

ನಾನು ಓದಿದ್ದು ಹೈಸ್ಕೂಲಿನವರೆಗೆ. ಆದರೆ ಹುಟ್ಟಿ ಬೆಳೆದಿದ್ದು ಭದ್ರಾವತಿಯಲ್ಲಿ, ಕಬ್ಬಿಣದ ಕಾರ್ಖಾನೆಯ ಕಾರ್ಮಿಕನ ಮಗಳಾಗಿ. ಕಬ್ಬಿಣ ತಾನಾಗಿ ಯಾರಿಗೂ ಮೋಸ ಮಾಡುವುದಿಲ್ಲ ಎಂಬುದು ನನಗೆ ಗೊತ್ತು. ಆ ಊರಿನಿಂದಲೇ ವೆಲ್ಡಿಂಗ್ ಮಲ್ಲೇಶನನ್ನು ಕರೆಸಿ ತೋರಿಸಿದೆ. ಅವನು ಕಂಬದ ಬುಡದ ಮುಚ್ಚಳ ಎತ್ತಿದವನೇ ನಕ್ಕ. "ಅಕ್ಕಾರೆ, ಬೋಲ್ಟು ಟೈಲ್ಸೇ ದಾಟಿಲ್ಲ. ಕಾಂಕ್ರೀಟಿಗೂ ಇದಕ್ಕೂ ಮುಖಪರಿಚಯನೇ ಇಲ್ಲ ಮಾರಾಯ್ರೆ!"

"ಅಮ್ಮ, ನಿನ್ನನ್ನ ನಾನೇ ಮೇಲಕ್ಕೆ ಎತ್ಕಂಡು ಹೋಗ್ತೀನಿ, ಎರಡು ನಿಮಿಷದ ಕೆಲಸ," ಎಂದ ರುದ್ರೇಶ್.

"ನಿನ್ನನ್ನ ಎತ್ಕಂಡು ಓಡಾಡಿದವಳು ನಾನು ಕಣೋ. ನಾಲ್ಕು ಜನದ ಮುಂದೆ ಅಕ್ಕಿಮೂಟೆ ಥರ ಒಳಗೆ ಹೋಗಲ್ಲ," ಎಂದೆ.

ಎರಡೂ ಮಂಡಿಗೆ ಆಪರೇಷನ್ ಆದಮೇಲೆ ಮತ್ತೆ ಸ್ವಂತ ಕಾಲಿನಲ್ಲಿ ನಡೆಯಲು ನನಗೆ ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳನ್ನು ನಿಮ್ಮ ಒಂಬತ್ತು ಮೆಟ್ಟಿಲಿಗೆ ಬಿಟ್ಟುಕೊಡಲು ನಾನು ತಯಾರಿಲ್ಲ. ಸಹಿ ಹಾಕಲು ನಡೆದೇ ಬರುತ್ತೇನೆ.

ಆದ್ದರಿಂದ ಮೆಟ್ಟಿಲಿನ ಎರಡೂ ಬದಿಗೆ, ಕಾಂಕ್ರೀಟಿನೊಳಗೆ ನಾಲ್ಕು ಬೆರಳು ಆಳಕ್ಕೆ ಬೋಲ್ಟು ಇಳಿಸಿ ರೇಲಿಂಗ್ ಹಾಕಿಸಿ. ಉದ್ಘಾಟನೆ, ಹಾರ, ಭಾಷಣ ಯಾವುದೂ ಬೇಡ. ಕೆಲಸ ಮುಗಿದ ದಿನ ತಾವೊಬ್ಬರೇ ಹೊರಗೆ ಬನ್ನಿ. ಫೋಟೊಕ್ಕೆಂದು ಎರಡು ಬೆರಳಲ್ಲಿ ಮುಟ್ಟಬೇಡಿ. ಮೈಭಾರವೆಲ್ಲ ಬಿಟ್ಟು ಜೋತುಬೀಳಿ. ನಾನು ಕೆಳಗೆ ನಿಂತು ನೋಡುತ್ತೇನೆ. ತಾವು ಬೀಳದಿದ್ದರೆ ನಾನು ಹತ್ತುತ್ತೇನೆ.

ಇಂತಿ,
ಸದ್ಯಕ್ಕೆ ಮೊದಲ ಮೆಟ್ಟಿಲಲ್ಲೇ ತಡೆದು ನಿಂತಿರುವ
ಜಯಶೀಲಾ ಚಂದ್ರಶೇಖರಪ್ಪ
ದುರ್ಗಿಗುಡಿ, ಶಿವಮೊಗ್ಗ